ಒಲೆ ಬದಲಿಸುವ ಮುಂಚೆ: ಸಿಲಿಂಡರಾ, ಗೋಬರ್ ಗ್ಯಾಸಾ, ಕರೆಂಟಾ?

ಸೌದೆ ಒಲೆ ಬಿಡಬೇಕು ಅಂದುಕೊಂಡವರು ಮೊದಲು ಕೇಳುವುದು ಯಾವುದು ಅಗ್ಗ ಅಂತ. ಅದಕ್ಕೂ ಮುಂಚೆ ನಿಮ್ಮ ಮನೆಯಲ್ಲಿ ಬೆಂಕಿ ಯಾವ್ಯಾವುದಕ್ಕೆ ಬೇಕು ನೋಡಿ. ಅನ್ನ, ಸಾರು, ರೊಟ್ಟಿ, ಸ್ನಾನದ ನೀರು, ಹಸುವಿಗೆ ಬೇಯಿಸುವ ಹುರುಳಿ. ಸಿಲಿಂಡರ್ ಬಂದ ಮೇಲೂ ಎಷ್ಟೋ ಮನೆಗಳಲ್ಲಿ ಹೊಗೆ ಹೋಗಿಲ್ಲ, ಯಾಕೆಂದರೆ ಕಾಫಿ ಮಾತ್ರ ಗ್ಯಾಸಿನಲ್ಲಿ, ಉಳಿದದ್ದೆಲ್ಲ ಸೌದೆಯಲ್ಲಿ. ಆ ಹೊಗೆ ಕುಡಿಯುವುದು ಒಲೆ ಮುಂದೆ ಕೂರುವ ಹೆಂಗಸರು, ಅವರ ಮಡಿಲಲ್ಲಿರುವ ಮಕ್ಕಳು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಕೊಟ್ಟಿಗೆಯಲ್ಲಿ ದನ ಇದ್ದರೆ ನನ್ನ ಮೊದಲ ಮಾತು ಗೋಬರ್ ಗ್ಯಾಸ್. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಬೆಳೆಗಾರರ ಮನೆಗಳಲ್ಲಿ ಇದು ಬಹಳ ವರ್ಷಗಳಿಂದ ಚೆನ್ನಾಗಿ ನಡೆದುಕೊಂಡು ಬಂದಿದೆ. ನಾಲ್ಕೈದು ಜನರ ಅಡುಗೆಗೆ 2 ಘನ ಮೀಟರ್ ಘಟಕ ಸಾಕು, ಆದರೆ ಅದಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು, ಅಂದರೆ ಕಟ್ಟಿ ಮೇಯಿಸುವ ನಾಲ್ಕೈದು ದನ. ದನ ಬೆಟ್ಟಕ್ಕೆ ಮೇಯಲು ಹೋದರೆ ಅರ್ಧ ಸಗಣಿ ಅಲ್ಲೇ ಉಳಿಯುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಎರಡೇ ಹಸು ಇದ್ದರೆ 1 ಘನ ಮೀಟರ್ ಕಟ್ಟಿಸಿ. ದೊಡ್ಡದು ಕಟ್ಟಿಸಿ ಅರೆಹೊಟ್ಟೆಯಲ್ಲಿ ಇಡಬೇಡಿ.

ಸಗಣಿಯಷ್ಟೇ ನೀರು ಹಾಕಿ, ಹುಲ್ಲು, ಕಲ್ಲು ತೆಗೆದು, ಗಂಟಿಲ್ಲದ ಹಾಗೆ ಕಲಸಿ ಬಿಡಬೇಕು. ಫಿನಾಯಿಲ್, ಸೋಪಿನ ನೀರು ಒಳಗೆ ಹೋಗಲೇಬಾರದು, ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಹೊಸದಾಗಿ ತುಂಬಿದಾಗ ಗ್ಯಾಸ್ ಬರಲು ಎರಡು ಮೂರು ವಾರ ಹಿಡಿಯಬಹುದು, ಮೊದಲು ಬಂದದ್ದು ಉರಿಯುವುದೂ ಇಲ್ಲ, ಅದನ್ನು ಹೊರಗೆ ಬಿಟ್ಟುಬಿಡಿ. ಉರಿಯುತ್ತದಾ ಅಂತ ಒಲೆಯಲ್ಲೇ ಹಚ್ಚಿ ನೋಡಿ, ಘಟಕದ ಪೈಪಿನ ಬಾಯಲ್ಲಿ ಎಂದೂ ಕಡ್ಡಿ ಗೀರಬೇಡಿ. ಉರಿ ಪುಕಪುಕ ಅಂದರೆ ಪೈಪಿನಲ್ಲಿ ನೀರು ನಿಂತಿದೆ ಅಂತ ಅರ್ಥ, ಅದನ್ನು ಬಸಿಯಿರಿ. ಸಿಲಿಂಡರಿನ ಒಲೆ ಇದಕ್ಕೆ ಸುಮ್ನೆ ಜೋಡಿಸಿದರೆ ಆಗುವುದಿಲ್ಲ, ಗೋಬರ್ ಗ್ಯಾಸಿನ ಒತ್ತಡ ಕಡಿಮೆ, ಅದಕ್ಕೆ ದೊಡ್ಡ ತೂತಿನ ಬರ್ನರ್ ಬೇಕು. ಏನೇ ಕೆಟ್ಟರೂ ಗುಂಡಿಯೊಳಗೆ ಇಳಿಯಬೇಡಿ. ಉಸಿರುಗಟ್ಟಿ ಜೀವ ಹೋದದ್ದಿದೆ.

ಕುಂದು ಇಲ್ಲ ಅಂತಲ್ಲ. ಚಳಿಗಾಲದಲ್ಲಿ ಗ್ಯಾಸ್ ಕಡಿಮೆ, ಬೇಸಿಗೆಯಲ್ಲಿ ನೀರಿಗೆ ಕಷ್ಟ, ಒಂದು ದಿನವೂ ಬಿಡದೆ ಸಗಣಿ ಕಲಸಲು ಒಬ್ಬರು ಬೇಕು. ಆದರೆ ಹೊರಗೆ ಬರುವ ಬಗ್ಗಡ ತೋಟಕ್ಕೆ ಒಳ್ಳೆ ಗೊಬ್ಬರ, ಬೇರೆ ಯಾವ ಇಂಧನವೂ ಇದನ್ನು ಕೊಡುವುದಿಲ್ಲ.

ದನ ಇಲ್ಲದವರಿಗೆ ಸಿಲಿಂಡರೇ ಸುಲಭ. ರೊಟ್ಟಿ ಉಬ್ಬಿಸಲು ನೇರ ಉರಿ ಸಿಗುತ್ತದೆ, ಕರೆಂಟಿನ ಹಂಗಿಲ್ಲ. ತೊಂದರೆ ಇರುವುದು ಒಟ್ಟಿಗೆ ಕೊಡಬೇಕಾದ ದುಡ್ಡಿನಲ್ಲಿ. ಕೂಲಿ ಮನೆಗೆ 14.2 ಕೆ.ಜಿ. ಸಿಲಿಂಡರ್ ಭಾರವಾದರೆ 5 ಕೆ.ಜಿ.ಯದ್ದೂ ಸಿಗುತ್ತದೆ, ಕೇಳಿ. ತಗೊಳ್ಳುವಾಗ ಮೇಲಿನ ಕಂಬಿಯ ಒಳಗೆ ಬರೆದ ಅಕ್ಷರ ನೋಡಿ, ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕಾದ ಗಡುವು ಅದು. 'ಎ' ಅಂದರೆ ಮಾರ್ಚ್, 'ಬಿ' ಜೂನ್, 'ಸಿ' ಸೆಪ್ಟೆಂಬರ್, 'ಡಿ' ಡಿಸೆಂಬರ್, ಪಕ್ಕದಲ್ಲಿ ವರ್ಷ. ಆ ಅವಧಿ ಮುಗಿದಿದ್ದರೆ ಬೇಡ ಅನ್ನಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ವಾಸನೆ ಬಂದರೆ ಲೈಟ್ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಇಂಡಕ್ಷನ್ ಒಲೆಯನ್ನು ನಾನು ಎರಡನೇ ಒಲೆ ಅಂತಲೇ ಹೇಳುತ್ತೇನೆ. ಹಾಲು, ಕಾಫಿ, ಅನ್ನಕ್ಕೆ ಬಹಳ ಚೆನ್ನ, ಆದರೆ ವೋಲ್ಟೇಜ್ ಇಳಿಯುವ ಊರಲ್ಲಿ ಅದೊಂದನ್ನೇ ನಂಬಿ ಕೂರಬೇಡಿ. ಬರೀ ಅಲ್ಯೂಮಿನಿಯಂ ಪಾತ್ರೆ ನಡೆಯುವುದಿಲ್ಲ, ತಳ ಚಪ್ಪಟೆ ಇರಬೇಕು, ಅಯಸ್ಕಾಂತ ಅಂಟಬೇಕು. ಅರ್ತಿಂಗ್ ಇರುವ 16 ಆಂಪ್ ಪ್ಲಗ್ ಹಾಕಿಸಿ. 1500 ವ್ಯಾಟಿನಲ್ಲಿ ಒಂದು ಗಂಟೆಗೆ ಒಂದೂವರೆ ಯೂನಿಟ್. ಗೃಹಜ್ಯೋತಿ ಇದೆ ಅಂತ ಜಾಸ್ತಿ ಉರಿಸಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ, ಮೀಟರ್ ನೋಡುತ್ತಿರಿ.

ಉಳಿದದ್ದು ಬಚ್ಚಲ ಒಲೆ. ಬಿಸಿಲು ಚೆನ್ನಾಗಿರುವ ಕಡೆ ಸೋಲಾರ್ ಹಾಕಿಸಿ. ಮಲೆನಾಡಿನ ಮಳೆಗಾಲಕ್ಕೆ ಸೌದೆ ಬೇಕೇ ಬೇಕು ಅನ್ನುವವರು ಆ ಒಲೆಯನ್ನು ಅಡುಗೆಮನೆಯಿಂದ ದೂರ ಇಟ್ಟು, ಸೂರಿಗಿಂತ ಎತ್ತರಕ್ಕೆ ಹೊಗೆಕೊಳವೆ ಹಾಕಿಸಿ, ಚೆನ್ನಾಗಿ ಒಣಗಿದ ಸೌದೆ ಮಾತ್ರ ಉರಿಸಿ.