ಕಾರು ಇಳಿಸಿದಿರಾ? ಮೊದಲು ಟೋ ನೋಡಿ

ಕೊಡಗಿನವರಿಗೆ ಕಾರಿನ ಹುಚ್ಚು ಹೊಸದೇನಲ್ಲ. ಇಲ್ಲಿನ ಕಾಫಿ ತೋಟಗಳ ಮಣ್ಣು ದಾರಿಗಳಲ್ಲಿ ರಾಷ್ಟ್ರಮಟ್ಟದ ರ‍್ಯಾಲಿಗಳೇ ನಡೆದಿವೆ. ಮಣ್ಣಿನ ರ‍್ಯಾಲಿಗೆ ಕಾರನ್ನು ಎತ್ತರಿಸುತ್ತಾರೆ, ಡಾಂಬರಿಗೆ ಬಂದ ಹುಡುಗರು ಅದನ್ನೇ ಇಳಿಸುತ್ತಾರೆ. ಪೋಲೊ ಜಿಟಿ ಇರಲಿ, ಆಕ್ಟೇವಿಯಾ ಆರ್‌ಎಸ್ ಇರಲಿ, ಗಿಡ್ಡ ಸ್ಪ್ರಿಂಗ್ ಹಾಕಿಸಿ 30 ಮಿ.ಮೀ. ತಗ್ಗಿಸಿದ ಕಾರು ನೋಡಲು ಚೆಂದವೇ. ಆದರೆ ಕೆಲವು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಮುಂದಿನ ಟೈರಿನ ಒಳಅಂಚು ನುಣ್ಣಗಾಗಿರುತ್ತದೆ. ಹೊರಗಿನ ಬಟನ್ ಹೊಸದರ ಹಾಗೇ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊನೆಗೆ ಎಲ್ಲರೂ ಕ್ಯಾಂಬರ್, ಅಂದರೆ ಚಕ್ರ ವಾಲಿರುವ ಕೋನದ ಮೇಲೆ ಗೂಬೆ ಕೂರಿಸುತ್ತಾರೆ. ಹೆಚ್ಚಿನ ಸಲ ಟೈರ್ ತಿಂದದ್ದು ಕ್ಯಾಂಬರ್ ಅಲ್ಲ, ಟೋ, ಅಂದರೆ ಚಕ್ರದ ಮೂತಿ ಪಕ್ಕಕ್ಕೆ ತಿರುಗಿರುವ ಕೋನ.

ಕಾರು ಇಳಿದಾಗ ಒಳಗೆ ಆಗುವುದೇನು?

ಬಾನೆಟ್ ಮುಂದೆ ನಿಂತು ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ಅದು ನೆಗೆಟಿವ್ ಕ್ಯಾಂಬರ್, ಹೊರಕ್ಕೆ ವಾಲಿದ್ದರೆ ಪಾಸಿಟಿವ್. ಮೇಲಿನಿಂದ ನೋಡಿದಾಗ ಎರಡೂ ಚಕ್ರಗಳ ಮೂತಿ ಒಳಕ್ಕೆ ತಿರುಗಿದ್ದರೆ ಟೋ ಇನ್, ಹೊರಕ್ಕಾದರೆ ಟೋ ಔಟ್. ಕ್ಯಾಸ್ಟರ್ ಎಂಬ ಮೂರನೆಯದೂ ಇದೆ, ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ಓರೆ ಅದು; ಸ್ಟೀಯರಿಂಗ್ ತಾನಾಗಿ ನೇರಕ್ಕೆ ಮರಳುವುದು ಅದರಿಂದ. ನಾಲ್ಕೂ ಕಡೆ ಸಮನಾಗಿ ಇಳಿಸಿದರೆ ಕ್ಯಾಸ್ಟರ್ ಹೆಚ್ಚೇನೂ ಕದಲುವುದಿಲ್ಲ. ಕಾರಿನ ಮೂತಿಯನ್ನಷ್ಟೇ 20 ಮಿ.ಮೀ. ಹೆಚ್ಚು ತಗ್ಗಿಸಿದರೆ, ಎರಡೂವರೆ ಮೀಟರ್ ವೀಲ್‌ಬೇಸ್‌ನ (ಮುಂಚಕ್ರ–ಹಿಂಚಕ್ರದ ನಡುವಿನ ಅಂತರ) ಕಾರಿನಲ್ಲಿ ಕ್ಯಾಸ್ಟರ್ ಸುಮಾರು ಅರ್ಧ ಡಿಗ್ರಿ ಕಡಿಮೆಯಾಗುತ್ತದೆ.

ನಮ್ಮಲ್ಲಿನ ಹೆಚ್ಚಿನ ಕಾರುಗಳಿಗೆ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿ. ಬಾಡಿ ಕೆಳಗಿಳಿದಾಗ, ಚಕ್ರದ ಬುಡವನ್ನು ಬಾಡಿಗೆ ಸೇರಿಸುವ ಲೋಯರ್ ಆರ್ಮ್‌ನ ಹೊರತುದಿ ಬಾಡಿಗಿಂತ ಮೇಲಕ್ಕೇರುತ್ತದೆ, ಚಕ್ರದ ಬುಡ ಹೊರಕ್ಕೆ ತಳ್ಳಲ್ಪಟ್ಟು ನೆಗೆಟಿವ್ ಕ್ಯಾಂಬರ್ ಬರುತ್ತದೆ. 30 ಮಿ.ಮೀ.ಗೆ ಅರ್ಧ ಡಿಗ್ರಿಯ ಆಸುಪಾಸು ಅಂದುಕೊಳ್ಳಿ, ಕಾರಿಂದ ಕಾರಿಗೆ ಬೇರೆ. ಮುಂದಿನಿಂದ ನೋಡಿದಾಗ ಆರ್ಮ್ ಸ್ಟ್ರಟ್‌ಗೆ ಲಂಬವಾಗುವವರೆಗೆ ಮಾತ್ರ ಈ ಲೆಕ್ಕ. ಅದನ್ನೂ ದಾಟಿ ಇಳಿಸಿದರೆ ಕ್ಯಾಂಬರ್ ಹಿಂದಕ್ಕೆ ಪಾಸಿಟಿವ್ ಕಡೆ ಹೊರಳತೊಡಗುತ್ತದೆ. ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕೂಡ ಕಾರಿನ ಭಾರಕೇಂದ್ರಕ್ಕಿಂತ ಬೇಗ ಕುಸಿದು, ತಿರುವಿನಲ್ಲಿ ಕಾರು ಮೊದಲಿಗಿಂತ ಹೆಚ್ಚು ವಾಲಲೂಬಹುದು. ಸಂಪಾಜೆ ಘಾಟಿಯಲ್ಲಿ ಚೆನ್ನಾಗಿ ತಿರುಗಲಿ ಎಂದು ಇಳಿಸಿದ್ದಕ್ಕೆ ಬಂದ ಫಲ ಇದು! ಹಿಂದೆ ಡಬಲ್ ವಿಶ್‌ಬೋನ್ (ಚಕ್ರಕ್ಕೆ ಮೇಲೊಂದು, ಕೆಳಗೊಂದು ಆರ್ಮ್) ಇರುವ ಹಳೆಯ ಸಿವಿಕ್‌ನಂಥ ಕಾರುಗಳಲ್ಲಿ ಮೇಲಿನ ಆರ್ಮ್ ಗಿಡ್ಡ, ಹಾಗಾಗಿ ಹಿಂಚಕ್ರ ಇನ್ನೂ ಹೆಚ್ಚು ಒಳಕ್ಕೆ ವಾಲುತ್ತದೆ. ಪೋಲೊ ಥರ ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂಚಕ್ರ ಸೇರಿಸುವ ಒಂದೇ ತೊಲೆ) ಇದ್ದರೆ ನಿಶ್ಚಿಂತೆ, ಎರಡೂ ಕಡೆ ಸಮನಾಗಿ ಇಳಿಸಿದಾಗ ಅಲ್ಲಿನ ಕೋನಗಳು ಬಹುತೇಕ ಇದ್ದ ಹಾಗೇ ಇರುತ್ತವೆ.

ಇನ್ನು ಟೋ. ಚಕ್ರವನ್ನು ತಿರುಗಿಸುವ ಸ್ಟೀಯರಿಂಗ್‌ನ ಕೋಲು, ಟೈ ರಾಡ್, ಒಂದು ಕಮಾನಿನಲ್ಲಿ ಚಲಿಸುತ್ತದೆ, ಲೋಯರ್ ಆರ್ಮ್ ಇನ್ನೊಂದರಲ್ಲಿ. ಕಂಪನಿ ಎತ್ತರದಲ್ಲಿ ಇವೆರಡೂ ಹೊಂದಿಕೊಂಡಿರುವಂತೆ ಲೆಕ್ಕ ಹಾಕಿರುತ್ತಾರೆ. ಎತ್ತರ ಬದಲಾದರೆ ಹೊಂದಾಣಿಕೆ ತಪ್ಪಿ, ಟೈ ರಾಡ್ ಚಕ್ರವನ್ನು ಒಂದು ಕಡೆಗೆ ತಳ್ಳುತ್ತದೆ ಇಲ್ಲವೇ ಎಳೆಯುತ್ತದೆ. ಯಾವ ಕಡೆಗೆ ಎಂಬುದು ಸ್ಟೀಯರಿಂಗ್ ರ‍್ಯಾಕ್ ಎಲ್ಲಿದೆ, ರಾಡ್ ಎಷ್ಟು ಉದ್ದ ಎಂಬುದರ ಮೇಲೆ ಹೋಗುತ್ತದೆ.

ಇದರ ಬೆಲೆ ಎಷ್ಟೆಂದು ನೋಡಿ. ಪ್ರತಿ ಚಕ್ರ 2 ಮಿ.ಮೀ. ಹೊರಕ್ಕೆ ತಿರುಗಿದೆ, ಟೈರಿನ ವ್ಯಾಸ ಸುಮಾರು 600 ಮಿ.ಮೀ. ಅಂದುಕೊಳ್ಳಿ. 600ಕ್ಕೆ 2, ಅಂದರೆ 300ಕ್ಕೆ 1. ಕಾರು 300 ಮೀಟರ್ ಮುಂದೆ ಹೋಗುವಷ್ಟರಲ್ಲಿ ಟೈರು 1 ಮೀಟರ್ ಅಡ್ಡಡ್ಡ ಉಜ್ಜಿಕೊಂಡಿರಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ರಬ್ಬರು ಬಾಗಿ ಒಂದಿಷ್ಟು ಉಳಿಸಿಕೊಂಡರೂ ಲೆಕ್ಕಕ್ಕೆ 400 ಮೀಟರ್ ಉಜ್ಜಾಟ, ಡಾಂಬರು ಅರದ ಹಾಗೆ ತಿಕ್ಕುತ್ತದೆ. ನೆಗೆಟಿವ್ ಕ್ಯಾಂಬರ್ ಇರುವ ಟೈರಿನ ಭಾರ ಒಳಅಂಚಿನ ಮೇಲೇ ಹೆಚ್ಚಿರುವುದರಿಂದ ಉಜ್ಜುವುದೂ ಅಲ್ಲೇ. ಟೋ ಸರಿಯಿದ್ದರೆ ಒಂದು, ಒಂದೂವರೆ ಡಿಗ್ರಿ ನೆಗೆಟಿವ್ ಕ್ಯಾಂಬರ್‌ನಲ್ಲೂ ಟೈರು ಮರ್ಯಾದೆಯಿಂದ ಬಾಳುತ್ತದೆ.

ಅಲೈನ್‌ಮೆಂಟ್‌ಗೆ ಮುಂಚೆ

ಸ್ಪ್ರಿಂಗ್ ಬಿಚ್ಚುವ ಮೊದಲೇ ಒಮ್ಮೆ ಅಲೈನ್‌ಮೆಂಟ್ ಅಳೆಸಿ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಕಡೆ ಬರೆದುಕೊಳ್ಳಿ. ಇಳಿಸಿದ ಮೇಲೆ ಎಡ–ಬಲದ ನಡುವೆ ಗಣನೀಯ ವ್ಯತ್ಯಾಸ ಕಂಡರೆ ಮೊದಲು ಸ್ಪ್ರಿಂಗ್ ಸರಿಯಾಗಿ ಕೂತಿದೆಯೇ ನೋಡಿಸಿ. ಅದು ಬಿಟ್ಟು ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ.

ಗ್ಯಾರೇಜಿನಲ್ಲಿ ಪಕ್ಕ ನಿಂತು ನೋಡಬೇಕಾದ ಒಂದು ಕೆಲಸವಿದೆ. ಲೋಯರ್ ಆರ್ಮ್ ಬುಷ್‌ನ ರಬ್ಬರು ಒಳಗಿನ ಲೋಹದ ನಳಿಗೆಗೆ ಅಂಟಿಕೊಂಡೇ ಬಂದಿರುತ್ತದೆ. ಕಾರು ಜಾಕ್ ಮೇಲೆ ಚಕ್ರ ಜೋತಾಡುತ್ತಿರುವಾಗಲೇ ಆ ಬೋಲ್ಟ್ ಬಿಗಿದರೆ, ಇಳಿಸಿದೊಡನೆ ರಬ್ಬರು ತಿರುಚಿಕೊಂಡು ಅದೇ ಸ್ಥಿತಿಯಲ್ಲಿ ಇರುತ್ತದೆ. ಕಾರು ಒಂದಿಷ್ಟು ಎತ್ತರದಲ್ಲೇ ನಿಲ್ಲುತ್ತದೆ, ಬುಷ್ ಬೇಗ ಹರಿಯುತ್ತದೆ. ಬೋಲ್ಟ್ ಸಡಿಲವಾಗಿಟ್ಟು, ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ ಕೊಡಿಸಿ. ಅವಸರದಲ್ಲಿ ಇದನ್ನು ಬಿಡುವವರೇ ಜಾಸ್ತಿ.

ಸವೆದ ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ಇದ್ದರೆ ಈಗಲೇ ಬದಲಿಸಿ. ಆಟ ಇರುವ ಜಾಯಿಂಟ್ ಇಟ್ಟುಕೊಂಡು ಮಾಡಿದ ಅಲೈನ್‌ಮೆಂಟ್ ಮೊದಲ ಹಂಪ್‌ವರೆಗೆ.

ಮೆಷಿನ್ ಮುಂದೆ

ಗಾಳಿ ಸರಿಯಾಗಿರಲಿ, ಡಿಕ್ಕಿ ಖಾಲಿಯಿರಲಿ. ಕೆಲಸದ ಕ್ರಮ ಹೀಗೆ: ಮೊದಲು ಹಿಂಚಕ್ರ, ಆಮೇಲೆ ಮುಂಚಕ್ರ. ಪ್ರತಿ ಕಡೆಯಲ್ಲೂ ಮೊದಲು ಕ್ಯಾಂಬರ್, ಟೋ ಕೊನೆಗೆ. ಕ್ಯಾಂಬರ್ ಮುಟ್ಟಿದರೆ ಟೋ ಕದಲುತ್ತದೆ, ಟೋ ಮುಟ್ಟಿದರೆ ಕ್ಯಾಂಬರ್ ಅಷ್ಟಾಗಿ ಕದಲುವುದಿಲ್ಲ. ಹಿಂಚಕ್ರ ಓರೆಯಾಗಿದ್ದರೆ ಮುಂದೆ ಎಷ್ಟೇ ಸರಿ ಮಾಡಿದರೂ ಸ್ಟೀಯರಿಂಗ್ ವಾರೆ ಹಿಡಿದೇ ಓಡಿಸಬೇಕು. ಮಲ್ಟಿಲಿಂಕ್ (ಪ್ರತಿ ಹಿಂಚಕ್ರವನ್ನು ಹಲವು ಆರ್ಮ್‌ಗಳು ಹಿಡಿದಿರುವ) ಕಾರಿನಲ್ಲಿ ಹಿಂದಿನ ಟೋ ಹೊಂದಿಸುವ ಬೋಲ್ಟ್‌ಗಳಿರುತ್ತವೆ. ನಮ್ಮ ಮಳೆಗೆ ಅವು ತುಕ್ಕು ಹಿಡಿದು ಕೂತಿರುವುದೇ ಹೆಚ್ಚು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಕೊಂಡು ಹೋಗಿ.

ಮುಂದಿನ ಕ್ಯಾಂಬರ್ ಹೊಂದಿಸಲು ಅನೇಕ ಕಾರುಗಳಲ್ಲಿ ಕಂಪನಿ ಅವಕಾಶ ಕೊಟ್ಟಿರುವುದಿಲ್ಲ. ಸ್ಟ್ರಟ್ ಮತ್ತು ನಕಲ್ (ಚಕ್ರವನ್ನು ಹೊತ್ತ ಲೋಹದ ಭಾಗ) ಎರಡು ಬೋಲ್ಟ್‌ನಿಂದ ಸೇರಿದ್ದರೆ, ಚಕ್ರದ ವಾಲು ಹೊಂದಿಸಬಲ್ಲ ಕ್ಯಾಂಬರ್ ಬೋಲ್ಟ್ ಹಾಕಬಹುದು. ನಕಲ್‌ನ ಬಿಗಿ ಬಳೆಯೊಳಗೆ ಸ್ಟ್ರಟ್ ಇಳಿಯುವ ಮಾದರಿಯಾದರೆ ಮೇಲಿನ ಮೌಂಟ್‌ಗೆ ಕ್ಯಾಂಬರ್ ಪ್ಲೇಟ್ ಬೇಕು. ಒಂದೂವರೆ ಡಿಗ್ರಿಯೊಳಗೆ ಇದ್ದು ಎಡ–ಬಲ ಸಮವಾಗಿದ್ದರೆ ಈ ಖರ್ಚಿಗೆ ಹೋಗಬೇಡಿ ಎಂದೇ ನನ್ನ ಸಲಹೆ.

‘ಸಾರ್, ಹಸಿರು ಬಂತು, ಆಯ್ತು’ ಎಂದೊಡನೆ ಏಳಬೇಡಿ. ಪರದೆಯ ಹಸಿರು ಬಣ್ಣ ಕಂಪನಿ ಎತ್ತರದ ಕಾರಿನ ಲೆಕ್ಕ, ಅದರ ಎರಡು ಅಂಚಿನ ನಡುವೆ ಸಾಕಷ್ಟು ಜಾಗವಿದೆ. ‘ಟೋ ಎರಡೂ ಕಡೆ ಒಂದೇ ಮಾಡಿ ಅಣ್ಣ, ಸೊನ್ನೆ ಹತ್ತಿರ ತನ್ನಿ’ ಎಂದು ಕೇಳಿ. ಅಂಕಿ ಓದುವಾಗಲೂ ಹುಷಾರು: 0.50 ಡಿಗ್ರಿ ಅಂದರೆ 30 ಮಿನಿಟ್, 0 ಡಿಗ್ರಿ 50 ಮಿನಿಟ್ ಬೇರೆಯೇ. ಮೆಷಿನ್ ಯಾವುದರಲ್ಲಿ ತೋರಿಸುತ್ತಿದೆ ಎಂದು ಕೇಳಿಕೊಳ್ಳಿ. ಇಎಸ್‌ಪಿ (ಕಾರು ಜಾರದಂತೆ ಹಿಡಿಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇರುವ ಕಾರುಗಳಲ್ಲಿ ಸ್ಟೀಯರಿಂಗ್ ಆ್ಯಂಗಲ್ ಸೆನ್ಸರ್‌ಗೆ ಹೊಸ ನೇರ ಯಾವುದೆಂದು ಸ್ಕ್ಯಾನರ್‌ನಲ್ಲಿ ಕಲಿಸಬೇಕಾಗಬಹುದು.

ಮನೆಯಲ್ಲೇ ಪರೀಕ್ಷೆ

ಹೊಸ ಸ್ಪ್ರಿಂಗ್ ಕೆಲವು ನೂರು ಕಿಲೋಮೀಟರ್‌ನಲ್ಲಿ ಇನ್ನಷ್ಟು ಕೂರುತ್ತದೆ, ಟೋ ಮತ್ತೆ ಕದಲುತ್ತದೆ. ಹಾಗಾಗಿ ಹಾಕಿಸಿದ ದಿನ ಒಮ್ಮೆ, 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ. ನಡುವೆ ಅನುಮಾನ ಬಂದರೆ ತೋಟದ ಕಾಫಿ ಕಣ ಸಾಕು. ಸ್ಟೀಯರಿಂಗ್ ನೇರವಿಟ್ಟು ಕಾರನ್ನು ನಾಲ್ಕು ಮಾರು ಮುಂದಕ್ಕೆ ತಳ್ಳಿ ನಿಲ್ಲಿಸಿ. ಎರಡು ನೇರವಾದ ಅಲ್ಯೂಮಿನಿಯಂ ಪಟ್ಟಿಗಳನ್ನು ಮರದ ತುಂಡುಗಳ ಮೇಲಿಟ್ಟು ಮುಂಚಕ್ರಗಳ ಹೊರಮೈಗೆ ಒತ್ತಿ ನಿಲ್ಲಿಸಿ. ಚಕ್ರದ ಮುಂದೊಂದು, ಹಿಂದೊಂದು ಟೇಪು ಹಿಡಿದು ಪಟ್ಟಿಗಳ ನಡುವಿನ ಅಂತರ ಅಳೆಯಿರಿ. ಮುಂದಿನದು ಕಡಿಮೆಯಿದ್ದರೆ ಟೋ ಇನ್, ಹೆಚ್ಚಿದ್ದರೆ ಟೋ ಔಟ್. ಕಣಕ್ಕೆ ನೀರು ಹರಿಯಲೆಂದು ಕೊಟ್ಟ ಇಳಿಜಾರು ಟೋಗೆ ಅಷ್ಟೇನೂ ಬಾಧಕವಲ್ಲ, ಕ್ಯಾಂಬರ್ ಮಾತ್ರ ಅಲ್ಲಿ ಅಳೆಯಬೇಡಿ.

ಟೈರಿನ ಬಟನ್ ಮೇಲೆ ಅಂಗೈ ಅಡ್ಡಕ್ಕೆ ಸವರಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದರಲ್ಲಿ ಗರಗರ ಅನಿಸಿದರೆ ಟೋ ತಪ್ಪಿದೆ. ಗರಗರವಿಲ್ಲದೆ ಒಳಅಂಚು ಮಾತ್ರ ಸವೆದಿದ್ದರೆ ಆಗ ಕ್ಯಾಂಬರ್ ಹಿಡಿಯಿರಿ.

ಎಷ್ಟು ಇಳಿಸಬಹುದು? ಮಾಕುಟ್ಟ ರಸ್ತೆ, ಜುಲೈ ತಿಂಗಳ ಗುಂಡಿಗಳು, ತೋಟದ ಗೇಟಿನ ಮೋರಿ ಇವೆಲ್ಲವನ್ನೂ ದಾಟಬೇಕಾದವರಿಗೆ 25–30 ಮಿ.ಮೀ. ಮೀರಿದರೆ ತಲೆನೋವೇ. ಒಂದು ಗುಂಡಿಗೆ ಟೈ ರಾಡ್ ಕೂದಲಿನಷ್ಟು ಬಾಗಿದರೂ ಮೇಲಿನ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಂದಣಿ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡನ್ನು ಒಪ್ಪುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಸ್ಪ್ರಿಂಗ್ ಕೊಳ್ಳುವ ಮೊದಲೇ ವಿಮಾ ಕಂಪನಿಗೆ ತಿಳಿಸಿ, ಅವರ ಉತ್ತರವನ್ನು ಬರಹದಲ್ಲಿ ಪಡೆಯಿರಿ.