ಟಿಮೋರ್-ಲೆಸ್ಟೆಯ ಪೊಲೀಸರ ಜೊತೆ: ನನ್ನ ಅನುಭವ

ವಿಶ್ವಸಂಸ್ಥೆಯ ಪೊಲೀಸ್ ಡ್ಯೂಟಿಗೆ ಹೋಗಿಬಂದವರನ್ನು ಜನ ಕೇಳುವುದು ಎರಡೇ ಪ್ರಶ್ನೆ. ಡಾಲರ್‌ನಲ್ಲಿ ಎಷ್ಟು ಕೊಡ್ತಾರೆ? ಗುಂಡು ಹಾರಿಸಬೇಕಾಯ್ತಾ? ಆಗ್ನೇಯ ಏಷ್ಯಾದ ಸಣ್ಣ ದ್ವೀಪ ದೇಶ ಟಿಮೋರ್-ಲೆಸ್ಟೆಯಲ್ಲಿ ನಾನು ಮಾಡಿದ ಕೆಲಸ ಏನು ಅಂತ ಕೇಳಿದವರು ತುಂಬಾ ಕಡಿಮೆ. ಕುಸಿದುಬಿದ್ದ ಒಂದು ರಾಷ್ಟ್ರೀಯ ಪೊಲೀಸ್ ಪಡೆಯನ್ನು ಠಾಣೆ ಠಾಣೆಯಾಗಿ ಮತ್ತೆ ಎಬ್ಬಿಸಿ ನಿಲ್ಲಿಸುವ ಕೆಲಸ ಅದು. ನನ್ನ ಪಾಲಿಗೆ ಬಂದದ್ದು ದೇಶದ ಪೂರ್ವ ಭಾಗದ ಒಂದು ಸಣ್ಣ ಠಾಣೆ.

ನಾನು ಕರ್ನಾಟಕ ಪೊಲೀಸ್‌ಗೆ ಸಬ್ ಇನ್‌ಸ್ಪೆಕ್ಟರ್ ಆಗಿ ಸೇರಿದವನು, ಮೈಸೂರಿನ ಅಕಾಡೆಮಿಯಲ್ಲಿ ಕಲಿತವನು. ಇಂಗ್ಲಿಷ್, ಡ್ರೈವಿಂಗ್, ಶೂಟಿಂಗ್ ಪರೀಕ್ಷೆ ಪಾಸಾಗಿ ಟಿಮೋರ್-ಲೆಸ್ಟೆಯ ರಾಜಧಾನಿ ದಿಲಿಗೆ ಹೋದೆ. ಅದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಆದರೆ ಆ ಪಡೆ ಯಾಕೆ ಕುಸಿಯಿತು ಅನ್ನುವುದನ್ನು ಹೇಳಲೇಬೇಕು. ಅದು ಗೊತ್ತಿಲ್ಲದೆ ನಮ್ಮ ಕೆಲಸ ಅರ್ಥವಾಗುವುದಿಲ್ಲ.

24 ವರ್ಷ ಇಂಡೊನೇಷ್ಯಾದ ಹಿಡಿತದಲ್ಲಿದ್ದ ನಾಡು ಅದು. 1999ರ ಆಗಸ್ಟ್ 30ರಂದು ನಡೆದ ಮತದಾನದಲ್ಲಿ ಶೇ. 78.5 ಜನ ಸ್ವಾತಂತ್ರ್ಯ ಬೇಕು ಅಂದರು. ಅದರ ಬೆನ್ನಿಗೇ ಊರುಗಳು ಸುಟ್ಟವು. ಆಡಳಿತ ಅನ್ನುವುದೇ ಉಳಿಯಲಿಲ್ಲ. ವಿಶ್ವಸಂಸ್ಥೆ ದೇಶವನ್ನು ಕೈಗೆ ತೆಗೆದುಕೊಂಡು 2000ದ ಮಾರ್ಚ್ 27ರಂದು ದಿಲಿಯಲ್ಲಿ ಪೊಲೀಸ್ ಅಕಾಡೆಮಿ ತೆರೆಯಿತು. ಮೂರು ತಿಂಗಳ ತರಬೇತಿ, ಆಮೇಲೆ ಠಾಣೆಯಲ್ಲಿ ಕಲಿಕೆ. ಅನುಭವ ಇರುವವರು ಬೇಕಲ್ವಾ? ಅದಕ್ಕೆ ಇಂಡೊನೇಷ್ಯಾದ ಪೊಲೀಸ್‌ನಲ್ಲಿ ಕೆಲಸ ಮಾಡಿದ್ದ ಟಿಮೋರಿಗಳನ್ನೂ ಸೇರಿಸಿಕೊಂಡರು. ಅವರಲ್ಲಿ ಕೆಲವರು ಬೇಗ ಮೇಲಿನ ಹುದ್ದೆಗೆ ಬಂದರು. ಕಾಡಿನಲ್ಲಿದ್ದುಕೊಂಡು ಹೋರಾಡಿದವರಿಗೆ ಇದು ನುಂಗಲಾರದ ಮಾತು. ನಿನ್ನೆ ನಮ್ಮನ್ನು ಹಿಡಿಯುತ್ತಿದ್ದವರು ಇವತ್ತು ಹೊಸ ದೇಶದ ಪೊಲೀಸರಾ ಅಂತ ಅವರು ಕೇಳಿದರು. ಆ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರ ಕೊಡಲಿಲ್ಲ.

2002ರ ಮೇ 20ರಂದು ದೇಶ ಸ್ವತಂತ್ರವಾಯಿತು. ಮುಂದಿನ ಎರಡು ವರ್ಷಗಳಲ್ಲಿ ಪೊಲೀಸ್ ಜವಾಬ್ದಾರಿಯೂ ಅವರ ಕೈಗೆ ಹೋಯಿತು. 2006ರಲ್ಲಿ ತಾರತಮ್ಯದ ದೂರು ಕೊಟ್ಟಿದ್ದ ಸುಮಾರು 600 ಸೈನಿಕರನ್ನು ಸೇನೆ ವಜಾ ಮಾಡಿತು. ಪೂರ್ವದವರು, ಪಶ್ಚಿಮದವರು ಅನ್ನುವ ಒಡಕು ಬೀದಿಗೆ ಬಂತು. ಪೊಲೀಸ್ ಪಡೆಯೂ ಅದೇ ಗೆರೆಯಲ್ಲಿ ಸೀಳಿತು. ಮೇ 25ರಂದು ದಿಲಿಯಲ್ಲಿ, ಆಯುಧ ಕೆಳಗಿಟ್ಟು ವಿಶ್ವಸಂಸ್ಥೆಯ ಬಾವುಟದ ಜೊತೆ ನಡೆದು ಹೊರಟಿದ್ದ ಪೊಲೀಸರ ಮೇಲೆ ಸೈನಿಕರು ಗುಂಡು ಹಾರಿಸಿದರು. ಎಂಟು ಜನ ಪೊಲೀಸರು ಸತ್ತರು. ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಓಡಿದರು. ಇಡೀ ದೇಶದ ಜನಸಂಖ್ಯೆ ಸುಮಾರು 10 ಲಕ್ಷ ಎಂಬುದನ್ನು ನೆನಪಿಟ್ಟುಕೊಂಡು ಈ ಸಂಖ್ಯೆ ಓದಬೇಕು.

ಆ ವರ್ಷದ ಆಗಸ್ಟ್‌ನಲ್ಲಿ ಭದ್ರತಾ ಮಂಡಳಿ ಹೊಸ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 1,608 ಪೊಲೀಸರವರೆಗೆ ಕಳಿಸಲು ಅವಕಾಶವಿತ್ತು. ಮಿಷನ್‌ನ ಮುಖ್ಯಸ್ಥರಾಗಿ ಬಂದವರು ನಮ್ಮ ದೇಶದ ರಾಜತಾಂತ್ರಿಕ ಅತುಲ್ ಖರೆ. ನಮಗೆ ಎರಡು ಕೆಲಸ. ಒಂದು, ಸದ್ಯಕ್ಕೆ ನಾವೇ ಪೊಲೀಸರಾಗಿ ಕಾನೂನು ಕಾಯುವುದು. ಇನ್ನೊಂದು, ಅವರ ಪಡೆಯನ್ನು ಒಬ್ಬೊಬ್ಬರಾಗಿ ಪರಿಶೀಲಿಸಿ ಮತ್ತೆ ಕೆಲಸಕ್ಕೆ ಹಚ್ಚುವುದು. ಪ್ರತಿಯೊಬ್ಬ ಪೊಲೀಸನ ಹೆಸರು ನೋಂದಾಯಿಸಬೇಕು. 2006ರಲ್ಲಿ ಅವನು ಎಲ್ಲಿದ್ದ, ಏನು ಮಾಡಿದ, ಮೇಲೆ ಕೇಸಿದೆಯಾ ಅಂತ ನೋಡಬೇಕು. ತೊಂದರೆ ಇಲ್ಲದಿದ್ದರೆ ತಾತ್ಕಾಲಿಕ ಪ್ರಮಾಣಪತ್ರ, ಚಿಕ್ಕ ತರಬೇತಿ, ಆಮೇಲೆ ಆರು ತಿಂಗಳು ನಮ್ಮಂಥವರ ಜೊತೆ ಕೆಲಸ. ಅದು ಮುಗಿದರೆ ಅಂತಿಮ ಪ್ರಮಾಣಪತ್ರ.

ನಾನು ಮೆಂಟರ್. ಕೈಯಲ್ಲಿ ಒಂದು ಫಾರಂ. ಸಮಯಕ್ಕೆ ಬರುತ್ತಾನಾ, ವರದಿ ಬರೆಯುತ್ತಾನಾ, ಬಂಧಿತನ ಹಕ್ಕು ಗೊತ್ತಾ ಅಂತ ಗುರುತು ಹಾಕಬೇಕು. ಫಾರಂ ತುಂಬುವುದು ಸುಲಭ. ಆದರೆ ಹತ್ತು ವರ್ಷದಿಂದ ಆ ಊರಲ್ಲೇ ಇರುವ, ಪ್ರತಿ ಮನೆಯನ್ನೂ ಬಲ್ಲ ಒಬ್ಬ ಪೊಲೀಸನಿಗೆ ಭಾಷೆಯೂ ಬಾರದ ನಾನು ಅಂಕ ಹಾಕುವುದು ಅವನಿಗೆ ಹೇಗಿರಬೇಡ? ಅದಕ್ಕೆ ನಾನು ಫಾರಂ ಬದಿಗಿಟ್ಟು ಠಾಣೆ ನಡೆಸುವ ಕ್ರಮದಿಂದ ಶುರು ಮಾಡಿದೆ. ಬೆಳಿಗ್ಗೆ ರೋಲ್ ಕಾಲ್. ರಾತ್ರಿ ಏನಾಯ್ತು ಅಂತ ಎಲ್ಲರ ಮುಂದೆ ಓದುವುದು. ಯಾರು ಸೆಂಟ್ರಿ, ಯಾರು ಯಾವ ಊರಿನ ಬೀಟ್, ಯಾರು ದಾಖಲೆ ಬರೆಯುವವರು ಅಂತ ಬೋರ್ಡ್ ಮೇಲೆ ಬರೆಯುವುದು. ನಮ್ಮಲ್ಲಿ ಯಾವ ಹಳ್ಳಿ ಠಾಣೆಯಲ್ಲೂ ನಡೆಯುವ ಕ್ರಮ ಇದು.

ಠಾಣೆ ಡೈರಿಯ ವಿಷಯದಲ್ಲಿ ನಾನು ಹಟ ಹಿಡಿದೆ. ಬಂದವರು ಯಾರು, ದೂರು ಏನು, ಯಾರು ಹೋದರು, ಎಷ್ಟು ಹೊತ್ತಿಗೆ ವಾಪಸ್ಸಾದರು, ಎಲ್ಲವೂ ಗಂಟೆ ಸಮೇತ ಅದರಲ್ಲಿ ಇರಬೇಕು. ಯಾವ ಭಾಷೆಯಲ್ಲಿ ಬರೆಯುವುದು ಅನ್ನುವುದೇ ಮೊದಲ ತಕರಾರು. ಕ್ರಿಮಿನಲ್ ಪ್ರೊಸೀಜರ್ ಕೋಡ್ ಪೋರ್ಚುಗೀಸ್‌ನಲ್ಲಿತ್ತು. ಪೊಲೀಸರು ಶಾಲೆ ಕಲಿತದ್ದು ಇಂಡೊನೇಷ್ಯಾದ ಭಾಷೆಯಲ್ಲಿ. ಬೀದಿಯಲ್ಲಿ ಟೆಟುಮ್, ಮನೆಯಲ್ಲಿ ಫಾತಾಲುಕು ಇಲ್ಲವೇ ಮಕಸಾಯಿ. ನಾನು ಇಂಗ್ಲಿಷ್‌ನಲ್ಲಿ ಹೇಳಿದ್ದನ್ನು ಸಹಾಯಕ ಟೆಟುಮ್‌ನಲ್ಲಿ ಹೇಳಬೇಕು. ಕೊನೆಗೆ ಟೆಟುಮ್‌ನಲ್ಲೇ ಬರೆಯಲಿ, ಬೇಕಾದ ಭಾಗವನ್ನು ನಮ್ಮವರು ಅನುವಾದಿಸಲಿ ಅಂತ ಒಪ್ಪಿಕೊಂಡೆವು. ಡೈರಿ ಅವರ ಭಾಷೆಗೆ ಬಂದ ಮೇಲೆ ಅದು ಅವರದಾಯಿತು. ಸಾಲುಗಳು ಉದ್ದವಾದವು. ಅಕ್ಷರ ಚೆನ್ನಾಗಿದ್ದ ಒಬ್ಬ ಹೆಣ್ಣುಮಗಳು ಠಾಣೆಯ ರೈಟರ್ ಆದಳು. ಅವಳು ಗೆರೆ ಎಳೆದು ಬರೆದ ಪುಟಗಳನ್ನು ಬೇರೆ ಠಾಣೆಯವರು ನೋಡಲು ಬರುತ್ತಿದ್ದರು.

ಎಲ್ಲಕ್ಕಿಂತ ಕಷ್ಟದ್ದು 72 ಗಂಟೆಯ ನಿಯಮ. ಬಂಧಿಸಿದವನನ್ನು ಅಷ್ಟರೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ನಮ್ಮ ದೇಶದಲ್ಲಿ 24 ಗಂಟೆ, ಆದರೆ ನಮಗೆ ತಾಲೂಕಿಗೊಂದು ಕೋರ್ಟಾದರೂ ಇದೆ. ಅಲ್ಲಿ ಆಗ 13 ಜಿಲ್ಲೆಗಳಿಗೆ ನಾಲ್ಕೇ ಕೋರ್ಟು: ದಿಲಿ, ಬಾವ್ಕಾವ್, ಸುವಾಯ್, ಒಯೆಕುಸ್ಸೆ. ಪೂರ್ವದವರೆಲ್ಲ ಬಾವ್ಕಾವ್‌ಗೆ ಹೋಗಬೇಕು. ಮಳೆಗಾಲದಲ್ಲಿ ರಸ್ತೆ ಕುಸಿದಿರುತ್ತದೆ. ಗಾಡಿ ಇದ್ದರೆ ಡೀಸೆಲ್ ಇಲ್ಲ, ಡೀಸೆಲ್ ಇದ್ದರೆ ಚಾಲಕ ಇಲ್ಲ. ವಿಶ್ವಸಂಸ್ಥೆಯ ಗಾಡಿಯಲ್ಲಿ ನಾವೇ ಕರೆದುಕೊಂಡು ಹೋಗಬಹುದಿತ್ತು, ಎಷ್ಟೋ ಸಲ ಹೋದೆವು. ಆದರೆ ಹೀಗೆ ಮಾಡಿದಷ್ಟೂ ಅವರು ಗಂಟೆ ಎಣಿಸುವುದನ್ನು ಕಲಿಯುವುದಿಲ್ಲ. ಆದ್ದರಿಂದ ಬಂಧನದ ಗಂಟೆಯನ್ನು ಬೋರ್ಡ್ ಮೇಲೆ ದೊಡ್ಡದಾಗಿ ಬರೆಸಿದೆ. ತಿಂಗಳ ಡೀಸೆಲ್‌ನಲ್ಲಿ ಒಂದು ಪಾಲನ್ನು ಕೋರ್ಟ್ ಪ್ರಯಾಣಕ್ಕೆಂದೇ ತೆಗೆದಿಡಲು ಅವರ ಕಮಾಂಡರ್ ಒಪ್ಪಿದರು. ಬೇರೆ ಓಡಾಟಕ್ಕೆ ಕೊರತೆಯಾದರೂ ಆ ಪಾಲನ್ನು ಅವರು ಮುಟ್ಟಲು ಬಿಡಲಿಲ್ಲ. ಪೊಲೀಸ್ ಸುಧಾರಣೆ ಅಂದರೆ ಕಾನೂನು ಪಾಠ ಎಂದುಕೊಂಡವರಿಗೆ ನಾನು ಈ ಡೀಸೆಲ್ ಲೆಕ್ಕವನ್ನೇ ಹೇಳುತ್ತೇನೆ.

ಹೆಂಗಸರ ಮೇಲಿನ ಹಲ್ಲೆಯ ದೂರುಗಳು ನನ್ನ ನಿದ್ದೆ ಕೆಡಿಸುತ್ತಿದ್ದವು. ಗಂಡ ಹೊಡೆದ ಎಂದು ಬಂದವಳನ್ನು ಊರ ಮುಖಂಡನ ಬಳಿ ಕಳಿಸುವುದು ರೂಢಿ. ಅಲ್ಲಿ ಎರಡು ಮನೆಯವರು ಕೂತು ಹಂದಿಯೋ ಕೋಣವೋ ಟಾಯ್ಸ್ ಎಂಬ ಕೈಮಗ್ಗದ ಬಟ್ಟೆಯೋ ಕೊಟ್ಟು ರಾಜಿ ಮಾಡುತ್ತಾರೆ. ಕಟ್ಟೆ ಪಂಚಾಯ್ತಿ ಕಂಡವರಿಗೆ ಇದು ಹೊಸದಲ್ಲ. ಜಮೀನಿನ ಜಗಳ, ದನ ಮೇಯ್ದ ಜಗಳಕ್ಕೆ ಈ ದಾರಿ ಒಳ್ಳೆಯದೇ. ಚಾಪೆ ಹಾಸಿ ಕೂತು ಮಾತಾಡುವ ಅವರ ಪದ್ಧತಿ ಕೋರ್ಟಿಗಿಂತ ಬೇಗ ಊರನ್ನು ತಣ್ಣಗಾಗಿಸುವುದನ್ನು ನಾನೇ ನೋಡಿದ್ದೇನೆ. ಆದರೆ ಮೈಮೇಲಿನ ಗಾಯಕ್ಕೆ ಕೋಣ ಬೆಲೆಯಾಗಬಾರದು. ಕೋಣ ಹೋಗುವುದು ಅವಳ ತವರಿಗೆ, ಅವಳು ಹೋಗುವುದು ಮತ್ತೆ ಅದೇ ಮನೆಗೆ. ನಾವು ಊರ ಮುಖಂಡರನ್ನು ಠಾಣೆಗೆ ಕರೆದು ಕೂರಿಸಿ ಮಾತಾಡಿದೆವು. ಅವರನ್ನು ಬಿಟ್ಟು ಏನೂ ಮಾಡಲಾಗದು, ಅದು ಸ್ಪಷ್ಟ. ದೂರು ಮೊದಲು ಡೈರಿಯಲ್ಲಿ ಬರಲಿ, ಗಾಯ ಆಸ್ಪತ್ರೆಯಲ್ಲಿ ದಾಖಲಾಗಲಿ, ಮಾತುಕತೆ ಆಮೇಲೆ ಅನ್ನುವಷ್ಟಕ್ಕೆ ಅವರು ಒಪ್ಪಿದರು. 2009ರ ದಂಡಸಂಹಿತೆ ಮತ್ತು 2010ರ ಕೌಟುಂಬಿಕ ದೌರ್ಜನ್ಯ ಕಾನೂನು ಬಂದ ಮೇಲೆ ಇದನ್ನು ರಾಜಿಯಲ್ಲಿ ಮುಗಿಸುವ ಪ್ರಶ್ನೆಯೇ ಇಲ್ಲವಾಯಿತು. ಈ ಸಾಲು ಬರೆಯುವಾಗಲೂ ನನಗೆ ಸಮಾಧಾನವಾಗುತ್ತದೆ.

ಮಿಷನ್ ಬಗ್ಗೆ ನನ್ನ ಮುಖ್ಯ ಮಾತು ಒಂದೇ. ಅಧಿಕಾರ ನಮ್ಮ ಕೈಯಲ್ಲಿದ್ದಷ್ಟು ದಿನ ಅವರು ಪೂರ್ತಿ ಪೊಲೀಸರಾಗಲಿಲ್ಲ. ಗಲಾಟೆಯಾದರೆ ನನ್ನ ಮುಖ ನೋಡುತ್ತಿದ್ದರು. ತಪ್ಪಾದರೆ ಹೊಣೆ ವಿಶ್ವಸಂಸ್ಥೆಯದು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಹಾಗಾಗಿ ಜಿಲ್ಲೆಗಳನ್ನು ಒಂದೊಂದಾಗಿ ಹಸ್ತಾಂತರಿಸಲು ತೀರ್ಮಾನವಾದಾಗ ನಾನು ಮನಸಾರೆ ಒಪ್ಪಿದೆ. ಅದಕ್ಕೆ ಷರತ್ತುಗಳಿದ್ದವು. ಸ್ಥಳೀಯ ಪರಿಸ್ಥಿತಿಗೆ ತಕ್ಕಂತೆ ಕೆಲಸ ಮಾಡುವ ಶಕ್ತಿ ಇರಬೇಕು. ಅರ್ಹರಲ್ಲಿ ಕನಿಷ್ಠ ಶೇ. 80 ಮಂದಿಗೆ ಅಂತಿಮ ಪ್ರಮಾಣಪತ್ರ ಸಿಕ್ಕಿರಬೇಕು. ಗಾಡಿ, ವೈರ್‌ಲೆಸ್‌ನಂಥ ಮೂಲ ಸೌಕರ್ಯ ಇರಬೇಕು. ಮೇಲಿನವರ ಆದೇಶ ನಡೆಯಬೇಕು, ಜನ ಒಪ್ಪಬೇಕು. ಮೊದಲ ಸರದಿ ಲೌತೆಮ್ ಜಿಲ್ಲೆಯದು, 2009ರ ಮೇ 14ರಂದು.

ಅಧಿಕಾರ ಅವರದಾದ ಮೇಲೆ ಕಂಡ ಬದಲಾವಣೆ ದೊಡ್ಡದು. ಠಾಣೆ ಕಮಾಂಡರ್ ನನ್ನನ್ನು ಕೇಳದೆ ಬೀಟ್ ಬದಲಿಸಿದರು. ಸಮರ ಕಲೆಯ ಗುಂಪುಗಳ ಹುಡುಗರು ಹೊಡೆದಾಡಿಕೊಂಡಾಗ ಎರಡೂ ಕಡೆಯ ಹಿರಿಯರನ್ನು ಅವರೇ ರಾತ್ರೋರಾತ್ರಿ ಕರೆಸಿದರು. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಟಿಪ್ಪಣಿ ಬರೆದೆ. ಕೇಳಿದರೆ ಮಾತ್ರ ಸಲಹೆ. ಇದನ್ನು ಇನ್ನೂ ಎರಡು ವರ್ಷ ಮೊದಲೇ ಮಾಡಬಹುದಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ವಿಷಯಕ್ಕೆ ಇವತ್ತಿಗೂ ನನಗೆ ಬೇಸರವಿದೆ. 2008ರ ಫೆಬ್ರವರಿ 11ರಂದು ರಾಷ್ಟ್ರಾಧ್ಯಕ್ಷ ಜೋಸೆ ರಾಮೊಸ್-ಹೋರ್ಟಾ ಅವರ ಮೇಲೆ ಗುಂಡಿನ ದಾಳಿ ಆಯಿತು. ಆಗ ಸರ್ಕಾರ ಸೇನೆ ಮತ್ತು ಪೊಲೀಸರನ್ನು ಒಂದೇ ಕಮಾಂಡ್ ಕೆಳಗೆ ತಂದಿತು. ಎರಡು ವರ್ಷದ ಹಿಂದೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದವರು ಒಟ್ಟಿಗೆ ಕೆಲಸ ಮಾಡಿದ್ದು ಒಳ್ಳೆಯ ಸಂಗತಿಯೇ. ಆದರೆ ಆಮೇಲೆ ಪೊಲೀಸರಿಗೆ ಸೈನ್ಯದ ಚಾಳಿ ಹತ್ತಿತು. 2009ರಲ್ಲಿ ಬಂದ ಪೊಲೀಸ್ ಕಾನೂನಿನಲ್ಲೂ ಶಿಸ್ತು, ಸಂಘಟನೆ ಸೈನ್ಯದ ಮಾದರಿಯವು. ಉದ್ದ ಬಂದೂಕು ಹಿಡಿದ ವಿಶೇಷ ಪಡೆ ಸೇರಲು ಹುಡುಗರಿಗೆ ಆಸೆ, ಬೀಟ್‌ಗೆ ಹೋಗಲು ಮನಸ್ಸಿಲ್ಲ. ಇಂಥ ಸಣ್ಣ ದೇಶಕ್ಕೆ ಬೇಕಾದದ್ದು ಊರೂರಿಗೆ ಹೋಗಿ ಜಗುಲಿಯ ಮೇಲೆ ಕೂತು ಮಾತಾಡುವ ಪೊಲೀಸ್. ದಿಲಿಯ ಸಭೆಗಳಲ್ಲಿ ಅವಕಾಶ ಸಿಕ್ಕಾಗಲೆಲ್ಲ ನಾನು ಇದನ್ನೇ ಹೇಳಿದೆ.

ನಾನು ಊರಿಗೆ ಮರಳಿದ ಮೇಲೆ, 2011ರ ಮಾರ್ಚ್ 27ರಂದು ಇಡೀ ದೇಶದ ಪೊಲೀಸ್ ಜವಾಬ್ದಾರಿ ಅವರ ಕೈಗೆ ಬಂತು. ಅಕಾಡೆಮಿ ತೆರೆದು ಆ ದಿನಕ್ಕೆ ಸರಿಯಾಗಿ 11 ವರ್ಷ. 2012ರಲ್ಲಿ ರಾಷ್ಟ್ರಾಧ್ಯಕ್ಷರ ಚುನಾವಣೆಯೂ ಸಂಸತ್ತಿನ ಚುನಾವಣೆಯೂ ನಡೆದವು. ಬಂದೋಬಸ್ತಿಗೆ ಮುಂದೆ ನಿಂತವರು ಅವರ ಪೊಲೀಸರೇ. ಆ ವರ್ಷದ ಕೊನೆಯ ದಿನ ಮಿಷನ್ ಮುಚ್ಚಿತು.