ಪಂಪ್ ಎಲ್ಲಿದೆ ಅಂತ ಮೊದಲೇ ಹೇಳುವ ಮ್ಯಾಪ್: ಬಾಹ್ಯಾಕಾಶ ವ್ಯಾಪಾರದ ಆಟ ಮಾಡುವವರಿಗೆ

ನಾನು ಮತ್ತು ಗೆಳೆಯ ಸೇರಿ ಒಂದು ಚಿಕ್ಕ ಆಟ ಮಾಡುತ್ತಿದ್ದೇವೆ. ಹಡಗಿಗೆ ಸರಕು ತುಂಬಿಸಿ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹೋಗಿ ಮಾರುವ ಆಟ. ಡೊಂಬಿವಲಿಯಿಂದ ದಾದರ್‌ಗೆ ಹೋಗುವ ಸ್ಲೋ ಲೋಕಲ್‌ನಲ್ಲಿ ತಮ್ಮನ ಕೈಗೆ ಫೋನ್ ಕೊಟ್ಟು ಆಡು ಅಂದೆ. ದಿವಾ ಬರುವಷ್ಟರಲ್ಲಿ 20 ಟನ್ ಔಷಧಿ ಕೊಂಡಿದ್ದ. ಮುಂಬ್ರಾ ದಾಟುವಾಗ ಎರಡು ಜಿಗಿತ ಹಾಕಿ ಒಂದು ಮೂಲೆಯ ನಕ್ಷತ್ರಕ್ಕೆ ಹೋದ. ಅಲ್ಲಿ ಇಂಧನ ಸಿಗುವುದಿಲ್ಲ, ವಾಪಸ್ ಬರೋಣ ಅಂದರೆ ಟ್ಯಾಂಕ್‌ನಲ್ಲಿ ಇಲ್ಲ. ಆಟ ಅಲ್ಲಿಗೇ ನಿಂತಿತು. "ಅಣ್ಣಾ, ಇಲ್ಲಿ ಪಂಪ್ ಇಲ್ಲ ಅಂತ ಮ್ಯಾಪ್ ಮೊದಲೇ ಹೇಳಬೇಕಿತ್ತಲ್ವಾ?" ಅಂದ.

ಹೌದು, ಹೇಳಬೇಕಿತ್ತು. ನಮ್ಮ ಮ್ಯಾಪ್ ನೋಡಲು ಚೆನ್ನಾಗಿತ್ತು, ಆದರೆ ವ್ಯಾಪಾರಿಯ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ. ಈ ಸರಕು, ಇಷ್ಟು ಇಂಧನ ಇಟ್ಟುಕೊಂಡು ನಾನು ಎಲ್ಲಿಗೆ ಹೋಗಲಿ, ಹೋದರೆ ಹೊರಗೆ ಬರಬಹುದಾ? ದಾದರ್ ಸ್ಟೇಷನ್‌ನಲ್ಲಿ ನಿಂತವರು ಇಡೀ ಮುಂಬೈ ರೈಲ್ವೆಯ ನಕ್ಷೆ ನೋಡುವುದಿಲ್ಲ. ಇಂಡಿಕೇಟರ್ ನೋಡುತ್ತಾರೆ: ಫಾಸ್ಟಾ, ಸ್ಲೋನಾ, ಎಷ್ಟು ನಿಮಿಷ. ಆಟದ ಮ್ಯಾಪ್ ಕೂಡ ಹಾಗೇ ಬೇಕು.

ಮೊದಲು ಇಂಧನದಿಂದ ಶುರು ಮಾಡಿ. 1984ರಲ್ಲಿ ಬಿಬಿಸಿ ಮೈಕ್ರೋ ಕಂಪ್ಯೂಟರ್‌ಗೆ ಬಂದ 'ಎಲೈಟ್' ಆಟದಲ್ಲೇ ಇದರ ಬೇರು ಇದೆ. ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಮಾಡಿದ್ದು. 8 ಗ್ಯಾಲಕ್ಸಿ, ಒಂದೊಂದರಲ್ಲೂ 256 ನಕ್ಷತ್ರ, ಟ್ಯಾಂಕ್ ತುಂಬಿದರೆ 7 ಜ್ಯೋತಿರ್ವರ್ಷ. ಅಷ್ಟು ಚಿಕ್ಕ ಮೆಮೊರಿಯಲ್ಲೂ ಅವರು ಚಾರ್ಟ್ ಮೇಲೆ ಒಂದು ವೃತ್ತ ಎಳೆದಿದ್ದರು: ಈಗಿರುವ ಇಂಧನದಲ್ಲಿ ಇಲ್ಲಿಯವರೆಗೆ ಹೋಗಬಹುದು ಅಂತ. ನಿಮ್ಮ ಆಟದಲ್ಲಿ ಆ ವೃತ್ತ ಇಲ್ಲದಿದ್ದರೆ ಇವತ್ತೇ ಹಾಕಿ. ಬೇರೆ ಎಲ್ಲಾ ಆಮೇಲೆ.

ಆದರೆ ತಮ್ಮ ಸಿಕ್ಕಿಬಿದ್ದ ಜಾಗವೂ ವೃತ್ತದ ಒಳಗೇ ಇತ್ತು. ಹಾಗಾಗಿ ಇನ್ನೊಂದು ಹೆಜ್ಜೆ ಬೇಕು. ಇಂಧನ ಮಾರುವ ಎಲ್ಲಾ ನಕ್ಷತ್ರಗಳನ್ನೂ ಒಟ್ಟಿಗೆ ಆರಂಭದ ಬಿಂದುಗಳಾಗಿ ಇಟ್ಟುಕೊಂಡು ಒಂದೇ ಸಲ ಡೈಕ್‌ಸ್ಟ್ರಾ (ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ ಹುಡುಕುವ ವಿಧಾನ) ಓಡಿಸಿ. ಒಂದೊಂದು ನಕ್ಷತ್ರದಿಂದ ಹತ್ತಿರದ ಪಂಪ್‌ಗೆ ಎಷ್ಟು ಇಂಧನ ಬೇಕು ಅನ್ನುವುದು ಸಿಗುತ್ತದೆ. ಪಂಪ್‌ಗಳ ಜಾಗ ಬದಲಾಗದಿದ್ದರೆ ಈ ಲೆಕ್ಕ ಆಟ ತೆರೆದಾಗ ಒಮ್ಮೆ ಮಾಡಿದರೆ ಸಾಕು. ಆಮೇಲೆ ಆಟಗಾರ ಒಂದು ನಕ್ಷತ್ರ ಮುಟ್ಟಿದಾಗ, ಅಲ್ಲಿಗೆ ಹೋದ ಮೇಲೆ ಟ್ಯಾಂಕ್‌ನಲ್ಲಿ ಉಳಿಯುವುದನ್ನು ಈ ಸಂಖ್ಯೆಯ ಜೊತೆ ಹೋಲಿಸಿ. ಕಡಿಮೆ ಇದ್ದರೆ ನಕ್ಷತ್ರದ ಸುತ್ತ ಒಡೆದ ಗೆರೆಯ ಉಂಗುರ ತೋರಿಸಿ. ಹೋಗಬೇಡಿ ಅಂತ ತಡೆಯಬೇಡಿ, ಗೊತ್ತಿದ್ದೇ ಹೋಗುವ ಧೈರ್ಯವೂ ಆಟದ ಭಾಗ. ಬಣ್ಣವೊಂದನ್ನೇ ನಂಬಬೇಡಿ, ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ಜಾಸ್ತಿ ಜನ ಇದ್ದಾರೆ. ಆಕಾರವೂ ಬದಲಾಗಲಿ.

ಇನ್ನು ದಾರಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಾವು ವಾರಗಟ್ಟಲೆ ಒದ್ದಾಡಿದ್ದು ಇಲ್ಲೇ. ದಾರಿ ಅಂದರೆ ಹತ್ತಿರದ ದಾರಿ ಅಂತ ತಲೆಯಲ್ಲಿ ಕೂತಿರುತ್ತದೆ. ಎಲೈಟ್ ಮಾದರಿಯಲ್ಲೇ ಮಾಡಿದ 'ಊಲೈಟ್' ಅನ್ನುವ ಓಪನ್ ಸೋರ್ಸ್ ಆಟ ನೋಡಿ. ಅದರಲ್ಲಿ ಜಿಗಿತಕ್ಕೆ ಹಿಡಿಯುವ ಸಮಯ ದೂರದ ವರ್ಗದಷ್ಟು. 6 ಜ್ಯೋತಿರ್ವರ್ಷವನ್ನು ಒಂದೇ ಸಲ ಜಿಗಿದರೆ 36 ಗಂಟೆ, ಅದನ್ನೇ ಮೂರು ಮೂರರಂತೆ ಎರಡು ಸಲ ಜಿಗಿದರೆ 9 ಮತ್ತು 9, ಒಟ್ಟು 18 ಗಂಟೆ. ಇಂಧನ ಎರಡಕ್ಕೂ ಒಂದೇ. ಅಂದರೆ ಸುತ್ತಿ ಹೋಗುವ ದಾರಿ ಬೇಗ ತಲುಪಿಸಬಹುದು. ಗಡುವು ಇರುವ ಸರಕು ಹೊತ್ತವರಿಗೆ ಇದು ಲಾಭ ನಷ್ಟದ ಮಾತು. ಊಲೈಟ್‌ನಲ್ಲಿ ಒಂದು ಉಪಕರಣ ಕೊಂಡರೆ ಮ್ಯಾಪ್ ಮೇಲೆ ಹತ್ತಿರದ ದಾರಿ, ಬೇಗದ ದಾರಿ ಎರಡೂ ನೋಡಬಹುದು. ನೀವೂ ಒಂದು ಬಟನ್ ಇಡಿ, ಮತ್ತು ಎರಡು ದಾರಿಗೂ ಇಂಧನ, ಸಮಯ, ಜಿಗಿತ ಮೂರನ್ನೂ ಗೆರೆಯ ಪಕ್ಕದಲ್ಲೇ ಬರೆಯಿರಿ.

ಕೋಡ್ ಬರೆಯುವಾಗ ಒಂದು ಗುಂಡಿ ಇದೆ, ಬೀಳಬೇಡಿ. 1968ರಲ್ಲಿ ಬಂದ ಎ-ಸ್ಟಾರ್ ವಿಧಾನ ಗುರಿ ಇನ್ನೆಷ್ಟು ದೂರ ಅಂತ ಅಂದಾಜು ಮಾಡಿಕೊಂಡು ಬೇಗ ಹುಡುಕುತ್ತದೆ. ಆ ಅಂದಾಜು ನಿಜವಾದ ಖರ್ಚಿಗಿಂತ ಎಂದೂ ಹೆಚ್ಚಾಗಬಾರದು. ಖರ್ಚು ದೂರದ ವರ್ಗ ಅಂತ ಇಟ್ಟುಕೊಂಡು, ಅಂದಾಜಿಗೂ ನೇರ ದೂರದ ವರ್ಗವನ್ನೇ ಕೊಟ್ಟಿರೋ, ಕೆಟ್ಟಿತು. ಮೇಲಿನ ಲೆಕ್ಕದಲ್ಲಿ ಅಂದಾಜು 36 ಅನ್ನುತ್ತದೆ, ನಿಜ 18. ಆಗ ಒಳ್ಳೆಯ ದಾರಿಯನ್ನು ನೋಡದೆಯೇ ಬಿಟ್ಟುಬಿಡಬಹುದು, ಎರರ್ ಏನೂ ಬರುವುದಿಲ್ಲ, ಸುಮ್ನೆ ತಪ್ಪು ದಾರಿ ತೋರಿಸುತ್ತದೆ. ಆಟ ಮಾಡಲು ಬಳಸುವ ಗೋಡೊ ಎಂಜಿನ್‌ನ ಎ-ಸ್ಟಾರ್‌ನಲ್ಲಿ ಖರ್ಚಿನ ಫಂಕ್ಷನ್, ಅಂದಾಜಿನ ಫಂಕ್ಷನ್ ಬೇರೆ ಬೇರೆ ಇವೆ. ಒಂದನ್ನು ಬದಲಿಸಿದರೆ ಇನ್ನೊಂದನ್ನೂ ಬದಲಿಸಿ, ಅಂದಾಜಿಗೆ ಸೊನ್ನೆ ಕೊಡಿ. ಆಗ ಅದು ಡೈಕ್‌ಸ್ಟ್ರಾ ಆಗುತ್ತದೆ. ಕೆಲವು ನೂರು ನಕ್ಷತ್ರಗಳಿಗೆ ಹಳೆಯ ಫೋನ್‌ನಲ್ಲೂ ಅದು ಸಾಕು.

ಬೆಲೆಯ ವಿಷಯ ನನಗೆ ಕಲಿಸಿದ್ದು ಚಿಕ್ಕಪ್ಪ. ಅವರದು ಮಾಟುಂಗಾದಲ್ಲಿ ಹೋಟೆಲ್, ಈರುಳ್ಳಿ ಬರುವುದು ವಾಶಿ ಎಪಿಎಂಸಿಯಿಂದ. ಯಾರಾದರೂ ರೇಟ್ ಹೇಳಿದರೆ ಸಾಕು, ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ ಕೇಳುತ್ತಾರೆ: "ಇದು ಇವತ್ತಿನದಾ ಮಾರಾಯಾ, ನಿನ್ನೆಯದಾ?" ಮ್ಯಾಪ್ ಮೇಲಿನ ಪ್ರತಿ ಬೆಲೆಗೂ ಅದೇ ಪ್ರಶ್ನೆ ಕೇಳಿ. ಆಟಗಾರ ಆ ಊರಿಗೆ ಕೊನೆಯ ಸಲ ಹೋದ ದಿನವನ್ನು ಬೆಲೆಯ ಜೊತೆ ಉಳಿಸಿ, '12 ದಿನ ಹಿಂದೆ' ಅಂತ ಬರೆಯಿರಿ, ಹಳೆಯದಾದಷ್ಟೂ ಅಕ್ಷರ ಮಸುಕಾಗಲಿ. ಬರೀ ಬೆಲೆಯಲ್ಲ, ನೀವು ಕೊಂಡ ಬೆಲೆಗಿಂತ ಎಷ್ಟು ಹೆಚ್ಚು ಅನ್ನುವುದನ್ನು ತೋರಿಸಿ. ಅದನ್ನೂ ಜಿಗಿತದಿಂದ ಭಾಗಿಸಿ. 20 ಟನ್‌ಗೆ ಟನ್‌ಗೆ 90ರಂತೆ ಲಾಭ ಸಿಗುವ ಊರು ನಾಲ್ಕು ಜಿಗಿತ ದೂರ ಇದ್ದರೆ ಜಿಗಿತಕ್ಕೆ 450 ಬಿತ್ತು. ಪಕ್ಕದ ಊರಲ್ಲಿ ಟನ್‌ಗೆ 40 ಸಿಕ್ಕರೂ ಒಂದೇ ಜಿಗಿತಕ್ಕೆ 800.

ಹುಡುಕಾಟದ ಪೆಟ್ಟಿಗೆ ಖಂಡಿತ ಇರಲಿ. ಊರಿನ ಹೆಸರಿಗೆ ಮಾತ್ರವಲ್ಲ, 'ಔಷಧಿ' ಅಂತ ಹೊಡೆದರೂ ಅದನ್ನು ಕೊಳ್ಳುವ ಊರುಗಳು ಬೆಳಗಲಿ. ಜೂಮ್ ಮಾಡುವಾಗ ಬೆರಳ ಕೆಳಗಿನ ಜಾಗ ಬೆರಳ ಕೆಳಗೇ ಇರಬೇಕು, ಪರದೆಯ ನಡುವಿಗೆ ಓಡಬಾರದು. ದೂರದಿಂದ ನೋಡುವಾಗ ದೊಡ್ಡ ಊರುಗಳ ಹೆಸರಷ್ಟೇ ಸಾಕು. ನಕ್ಷತ್ರ ಎರಡು ಪಿಕ್ಸೆಲ್ ಇದ್ದರೂ ಮುಟ್ಟುವ ಜಾಗ ದೊಡ್ಡದಿರಲಿ. ಆಂಡ್ರಾಯ್ಡ್‌ನವರು 48 ಡಿಪಿ (ಪರದೆಯ ಮೇಲಿನ ಅಳತೆ) ಅನ್ನುತ್ತಾರೆ, ಅಲುಗಾಡುವ ರೈಲಿನಲ್ಲಿ ಅದಕ್ಕಿಂತ ಕಡಿಮೆ ಆದರೆ ಕಷ್ಟ.

ಇಷ್ಟು ಮಾಡಿದ ಮೇಲೆ ಫೋನ್ ಬೇರೆಯವರ ಕೈಗೆ ಕೊಡಿ. "ಈ ಸರಕು ಎಲ್ಲಿ ಮಾರುತ್ತೀರಿ?" ಅಂತ ಒಂದೇ ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡು ಬೆರಳು ನೋಡಿ. ಎಲ್ಲಿ ತಡವರಿಸಿತೋ ಅದನ್ನು ಬರೆದುಕೊಳ್ಳಿ. ಹೋದ ಭಾನುವಾರ ತಮ್ಮ ಮತ್ತೆ ಅದೇ ಮೂಲೆಯ ನಕ್ಷತ್ರ ಮುಟ್ಟಿದ. ಒಡೆದ ಉಂಗುರ ಬಂತು. ಸ್ವಲ್ಪ ಹೊತ್ತು ನೋಡಿದ, ಬೇಗದ ದಾರಿಯ ಬಟನ್ ಒತ್ತಿದ, ಪಂಪ್ ಇರುವ ಊರಿನ ಮೇಲೆ ಹಾದು ಹೋಗುವ ಗೆರೆ ಆರಿಸಿಕೊಂಡ. ರೈಲು ಇನ್ನೂ ಕಳವಾ ದಾಟಿರಲಿಲ್ಲ.